ಮನೆಯ ಪಾಠವೂ ಬೀದಿಯ ಶಾಲೆಯೂ

ಕಳೆದ ಮಾಘಮಾಸದಲ್ಲಿ ನಂಟರೊಬ್ಬರ ಮನೆಯ ಮದುವೆಗೆ ಹೋಗಿದ್ದೆವು. ಎಲೆ ಹಾಕುವುದು ತಡವಾಗಿತ್ತು. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಹೊತ್ತು ಹೋಗಲೆಂದು ನನ್ನ ಮೊಮ್ಮಗಳನ್ನು ಹತ್ತಿರಕ್ಕೆ ಕರೆದು, "ಯಾವ ಸ್ಕೂಲು ಪುಟ್ಟೀ?" ಎಂದರು. ಒಂಬತ್ತು ವರ್ಷದ ಹುಡುಗಿ. "ನಾನು ಸ್ಕೂಲಿಗೆ ಹೋಗಲ್ಲ" ಎಂದಳು. "ರಜವೇ?" "ರಜ ಅಲ್ಲ. ಹೋಗೋದೇ ಇಲ್ಲ." ಹಿರಿಯರು ಮಗುವಿನ ಮುಖ ನೋಡಿದರು, ಕೈಕಾಲು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಏನು ಕಾಯಿಲೆಯೆಂದು ಕೇಳುವುದು ಹೇಗೆ ಎಂದು ಅವರು ಒದ್ದಾಡುತ್ತಿದ್ದರು. ಕಾಯಿಲೆಯಲ್ಲ, ಇವಳ ತಾಯಿಯೇ ಮನೆಯಲ್ಲಿ ಓದಿಸುತ್ತಾಳೆ ಎಂದು ನಾನು ವಿವರಿಸಿದೆ. "ಅಲ್ಲಾ ಸ್ವಾಮಿ, ಮೂವತ್ತೈದು ವರ್ಷ ಮೇಷ್ಟರ ಕೆಲಸ ಮಾಡಿದವರ ಮೊಮ್ಮಗಳು!" ಎಂದು ಅವರು ನಕ್ಕರು. ಅಷ್ಟರಲ್ಲಿ ಊಟಕ್ಕೆ ಕರೆದದ್ದರಿಂದ ನಾನು ಬಚಾವಾದೆ.

ಬಚಾವಾದೆನೆಂದದ್ದು ಮದುವೆಯ ಮನೆಯ ಮಟ್ಟಿಗೆ. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲದೆ ಇರಲಿಲ್ಲ. ಇದ್ದ ಉತ್ತರ ಮಗಳಿಗೆ ಹಿಡಿಸತಕ್ಕದ್ದಾಗಿರಲಿಲ್ಲ. ನಾನು ಈಗ ಬೆಂಗಳೂರಿನಲ್ಲಿ ಅವಳ ಮನೆಯಲ್ಲಿಯೇ ಇರುವವನು. ಅನ್ನ ಹಾಕುವವರ ಮೇಲೆ ಪತ್ರಿಕೆಗೆ ಬರೆಯುವುದು ಮರ್ಯಾದೆಯಲ್ಲ. ಆದಕಾರಣ ಬರೆದದ್ದನ್ನು ಮೊದಲು ಅವಳಿಗೇ ಕೊಟ್ಟೆ. ಎರಡು ಕಡೆ ತಿದ್ದಿ, "ಪ್ರಕಟವಾಗಲಿ ಅಪ್ಪ, ಆದರೆ ಈ ಎರಡು ತಿದ್ದುಪಡಿ ಇರಬೇಕು" ಎಂದಳು. ಅವು ಎಲ್ಲಿವೆಯೆಂಬುದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ನಮ್ಮ ನಗರಗಳಲ್ಲಿ ಓದಿದ, ಅನುಕೂಲವುಳ್ಳ ಕೆಲವು ಕುಟುಂಬಗಳು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿಯೇ ಕಲಿಸತೊಡಗಿವೆ. ಸಂಖ್ಯೆ ದೊಡ್ಡದಲ್ಲ. ಆದರೆ ಅವರು ಆಡುವ ಮಾತು ದೊಡ್ಡದು. ಶಾಲೆಯೆಂಬುದು ಕಾರ್ಖಾನೆ, ಮಗು ತಾನಾಗಿಯೇ ಕಲಿಯುತ್ತದೆ, ನಮ್ಮ ಪೂರ್ವಿಕರ ಪದ್ಧತಿಯೂ ಇದೇ, ಟಾಗೋರರು, ಗಾಂಧಿ ಎಲ್ಲರೂ ಇದನ್ನೇ ಹೇಳಿದರು — ಎಂಬುದಾಗಿ. ನನ್ನ ತಕರಾರು ಈ ಮಾತುಗಳ ಮೇಲೆಯೇ ಹೊರತು ಆ ಮಕ್ಕಳ ಮೇಲಲ್ಲ. ಮಕ್ಕಳು ಚೆನ್ನಾಗಿಯೇ ಇದ್ದಾರೆ. ಎಷ್ಟು ಚೆನ್ನಾಗಿ ಎಂಬುದನ್ನು ಮೊದಲು ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತಾದೀತು.

ನಮ್ಮ ಮನೆಯಲ್ಲಿ ಊರಿನಿಂದ ತಂದ ಒಂದು ಹಿತ್ತಾಳೆಯ ಸೇರು, ಒಂದು ಪಾವು ಇವೆ. ನನ್ನ ತಾಯಿಯ ಕಾಲದವು. ಮೊನ್ನೆ ಒಂದು ದಿನ ಆರು ವರ್ಷದ ಮೊಮ್ಮಗ ಅಡಿಗೆಮನೆಯಲ್ಲಿ ಕುಳಿತು ಅಕ್ಕಿ ಅಳೆಯುತ್ತಿದ್ದ. ಮೂರು ಪಾವು ಹಾಕುವುದರೊಳಗೆ ಸೇರು ತುಂಬಿತೆಂದು ಕೂಗಿದ. ಅಕ್ಕ ಓಡಿ ಬಂದು, ನಾಲ್ಕು ಪಾವಿಗೆ ಒಂದು ಸೇರು, ತಾತ ಹೇಳಿದ್ದಾರೆ, ಎಂದಳು. ಇವನು ಒಪ್ಪಲಿಲ್ಲ. ತಾತ ಹೇಳಿದರೆ ಆಯಿತೆ, ಸೇರು ಹೇಳಬೇಡವೆ? ಇಬ್ಬರೂ ಮತ್ತೆ ಅಳೆದರು. ಹುಡುಗ ಪಾವನ್ನು ಗೋಪುರದ ಹಾಗೆ ಶಿಗಿ ಏರಿಸಿ ತುಂಬುತ್ತಿದ್ದ. ಹುಡುಗಿ ಅಂಗೈಯಿಂದ ಸವರಿ ಮಟ್ಟ ಮಾಡುತ್ತಿದ್ದಳು. ಶಿಗಿಯಲ್ಲಿ ಎಷ್ಟು ಅಕ್ಕಿ ನಿಲ್ಲುತ್ತದೆ? ರಾಗಿಯಾದರೆ ಅಷ್ಟೇ ನಿಲ್ಲುತ್ತದೆಯೆ? ರಾಗಿ ತಂದರು. ರಾಗಿ ಜಾರುತ್ತದೆ, ಅಕ್ಕಿಯಷ್ಟು ಎತ್ತರಕ್ಕೆ ನಿಲ್ಲುವುದಿಲ್ಲ. ಯಾಕೆ ಜಾರುತ್ತದೆ? ಗುಂಡಗಿರುವುದರಿಂದ. ಹಾಗಾದರೆ ಅಂಗಡಿಯವನು ಅಳತೆಯಲ್ಲಿ ಮೋಸ ಮಾಡಬೇಕಾದರೆ ಯಾವುದರಲ್ಲಿ ಮಾಡುತ್ತಾನೆ? ಈ ಕೊನೆಯ ಪ್ರಶ್ನೆ ಹುಡುಗಿಯದು. ಒಂದೂವರೆ ಗಂಟೆ ಹೀಗೆ ನಡೆಯಿತು. ಮೂವತ್ತೈದು ವರ್ಷದಲ್ಲಿ ನಾನು ಅಳತೆಯ ಪಾಠವನ್ನು ಮೂವತ್ತು ಸಲವಾದರೂ ಮಾಡಿದ್ದೇನೆ, ಕರಿಹಲಗೆಯ ಮೇಲೆ ಸೇರಿನ ಚಿತ್ರ ಬರೆದು. ಒಂದು ಮಗುವೂ ಶಿಗಿಯ ಮಾತೆತ್ತಿರಲಿಲ್ಲ. ಚಿತ್ರದ ಸೇರಿಗೆ ಶಿಗಿ ಎಲ್ಲಿಂದ ಬರಬೇಕು?

ಇಂಥವು ದಿನಕ್ಕೊಂದು. ಹುಡುಗಿ ನನ್ನ ಜೊತೆ ಪತ್ರಿಕೆ ಓದುತ್ತಾಳೆ; ಹವಾಮಾನದ ಅಂಕಿಗಳನ್ನು ದಿನವೂ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾಳೆ. ಗಾಂಧಿ ಬಜಾರಿಗೆ ಹೋದರೆ ಸೊಪ್ಪಿನವಳ ಹತ್ತಿರ ಚಿಲ್ಲರೆ ಲೆಕ್ಕ ಹುಡುಗನದು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಬಂದಮೇಲೆ ಕಡಲೆಕಾಯಿ ಬೇರಿನಲ್ಲಿ ಬಿಡುತ್ತದೆಯೆ, ಹೂವಿನಲ್ಲಿ ಬಿಡುತ್ತದೆಯೆ ಎಂಬ ಜಗಳ ಹುಟ್ಟಿತು. ಕುಂಡದಲ್ಲಿ ನಾಲ್ಕು ಬೀಜ ಹಾಕಿ, ಹೂವು ಉದುರಿದ ಮೇಲೆ ಅದರ ಬುಡದಿಂದ ಒಂದು ಮೊಳೆ ಹೊರಟು ಮಣ್ಣಿನೊಳಕ್ಕೆ ಇಳಿಯುವುದನ್ನು ನೋಡುವವರೆಗೆ ಆ ಜಗಳ ಮುಗಿಯಲಿಲ್ಲ. ನನಗೂ ಅದು ಎಪ್ಪತ್ತು ದಾಟಿದ ಮೇಲೆ ಕಣ್ಣಾರೆ ಕಂಡದ್ದೇ. ಪುಸ್ತಕದಲ್ಲಿ ಓದಿ ಪಾಠ ಮಾಡಿದ್ದೆ.

ಈ ಹುಡುಗಿಯನ್ನು ಶಾಲೆಯಿಂದ ಬಿಡಿಸಿದ್ದಕ್ಕೂ ಕಾರಣವಿತ್ತು. ಎರಡು ವರ್ಷ ಮನೆಯಲ್ಲಿ ಪರದೆಯ ಮುಂದೆ ಕುಳಿತು ಶಿಶುವಿಹಾರ ಮುಗಿಸಿ 2022ರಲ್ಲಿ ಒಂದನೆಯ ತರಗತಿಗೆ ಹೋದಳು. ಸೇರಿಸಿಕೊಳ್ಳುವುದಕ್ಕೆ ಮುಂಚೆ ಆ ಶಾಲೆಯವರು ಮಗುವನ್ನೂ ಅಪ್ಪ ಅಮ್ಮನನ್ನೂ ಕೂರಿಸಿ ಸಂದರ್ಶನ ಮಾಡಿದರು. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಕಲಮು ಇದನ್ನು ನಿಷೇಧಿಸಿದೆ. ಆ ಮಾತು ಎತ್ತಿದರೆ ಸೀಟು ಸಿಗುವುದಿಲ್ಲವೆಂದು ಅಳಿಯಂದಿರು ನನ್ನ ಬಾಯಿ ಮುಚ್ಚಿಸಿದರು. ವಾರಕ್ಕೊಂದು ಪರೀಕ್ಷೆ. ಸೋಮವಾರ ಬೆಳಗಾದರೆ ಮಗುವಿಗೆ ಹೊಟ್ಟೆನೋವು, ವಾಂತಿ. ಡಾಕ್ಟರು ಏನೂ ಇಲ್ಲವೆಂದರು. ದಸರಾ ರಜದಲ್ಲಿ ಹೊಟ್ಟೆನೋವು ಬರಲಿಲ್ಲ. ರಜ ಮುಗಿದ ದಿನ ಬಂತು. ಆ ವರ್ಷ ಮುಗಿಯುತ್ತಲೂ ಮಗಳು ಶಾಲೆಯನ್ನೂ ತನ್ನ ಕೆಲಸವನ್ನೂ ಒಟ್ಟಿಗೆ ಬಿಟ್ಟಳು. ಕಿರಿಯವನನ್ನು ಸೇರಿಸಲೇ ಇಲ್ಲ.

ಶಾಲೆಯ ಪರವಾಗಿ ಮಾತನಾಡುವ ಯೋಗ್ಯತೆ ನನಗೆಷ್ಟಿದೆ ಎಂಬುದನ್ನೂ ಹೇಳಬೇಕು. ನಾನು 1976ರಲ್ಲಿ ಕೆಲಸಕ್ಕೆ ಸೇರಿದವನು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ, ನಾಲ್ಕು ತರಗತಿಗೆ ಇಬ್ಬರು ಮೇಷ್ಟರು, ಒಂದೇ ಕೋಣೆ, ಮಳೆ ಬಂದರೆ ಅದರಲ್ಲಿಯೂ ಅರ್ಧ. ರೂಲುದೊಣ್ಣೆ ಹಿಡಿಯದ ಮೇಷ್ಟರನ್ನು ಆಗ ಮೇಷ್ಟರೆಂದು ಊರಿನವರೂ ಒಪ್ಪುತ್ತಿರಲಿಲ್ಲ; ನಾನು ಹಿಡಿದೆ. ಮೂರನೆಯ ತರಗತಿಯ ಒಬ್ಬ ಹುಡುಗನಿಗೆ ಏಳರ ಮಗ್ಗಿ ಬಾರದೆಂದು ಒಂದು ಬೆಳಗ್ಗೆಯೆಲ್ಲಾ ಬೆಂಚಿನ ಮೇಲೆ ನಿಲ್ಲಿಸಿದೆ. ಮನೆಯ ಕುರಿಗಳನ್ನು ದೂರದಿಂದಲೇ ನೋಡಿ ಒಂದು ತಪ್ಪದೆ ಎಣಿಸುತ್ತಿದ್ದ ಹುಡುಗ. ಮಾರನೆಯ ದಿನ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ನಾನೂ ಅವನ ಮನೆಗೆ ಹೋಗಿ ಕರೆಯಲಿಲ್ಲ. ಹತ್ತಾರು ವರ್ಷ ಕಳೆದು ಅರಸೀಕೆರೆಯ ಬಸ್ಸಿನಲ್ಲಿ ಒಬ್ಬ ಗಡ್ಡದ ಮನುಷ್ಯ ಎದ್ದು, "ಕೂತ್ಕೊಳಿ ಮೇಷ್ಟ್ರೇ" ಎಂದು ಜಾಗ ಬಿಟ್ಟುಕೊಟ್ಟ. ಅವನೇ. ಆ ಸೀಟಿನಲ್ಲಿ ನಾನು ಕುಳಿತದ್ದು ಹೇಗೆಂದು ನನಗೆ ಗೊತ್ತು. ಆದ್ದರಿಂದ ಶಾಲೆ ಮಕ್ಕಳನ್ನು ನೋಯಿಸುತ್ತದೆ ಎಂದು ನನಗೆ ಯಾರೂ ಇಂಗ್ಲಿಷ್ ಪುಸ್ತಕ ತೆರೆದು ತೋರಿಸಬೇಕಾದ್ದಿಲ್ಲ.

ಈಗ ಅವರ ಮಾತುಗಳಿಗೆ ಬರೋಣ.

ಮಗು ತಾನಾಗಿಯೇ ಕಲಿಯುತ್ತದಂತೆ. ಅಕ್ಕಿಯನ್ನು ಅಳೆದ ದಿನ ನಮ್ಮ ಮನೆಯಲ್ಲಿ ಊಟವಾದದ್ದು ಎರಡೂವರೆಗೆ. ಚೆಲ್ಲಿದ ಅಕ್ಕಿಗೆ ರಾಗಿ ಬೆರೆತಿತ್ತು. ಅದನ್ನು ಆರಿಸಿದವಳು ನನ್ನ ಮಗಳು. ಅವಳು ಐದಕ್ಕೆ ಏಳುತ್ತಾಳೆ. ಇರುವೆಗೆ ಮೂಗು ಎಲ್ಲಿದೆ ಎಂದು ಹುಡುಗ ಹಗಲು ಕೇಳಿದರೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅದು ಮೀಸೆಯಿಂದಲೇ ವಾಸನೆ ಹಿಡಿಯುತ್ತದೆಂಬುದನ್ನು ಓದಿ ಇಟ್ಟುಕೊಳ್ಳುತ್ತಾಳೆ; ಬೆಳಗ್ಗೆ ಸಕ್ಕರೆಯ ಎರಡು ಹರಳು ಜಗುಲಿಯ ಮೇಲಿಟ್ಟು ಏನೂ ತಿಳಿಯದವಳ ಹಾಗೆ ಆಚೆ ಹೋಗುತ್ತಾಳೆ. ಮಗು ತಾನಾಗಿಯೇ ಕಲಿಯಿತು! ಹನ್ನೊಂದು ವರ್ಷ ಇಂಜಿನಿಯರ್ ಆಗಿ ದುಡಿದ ಹೆಂಗಸು. ಅಳಿಯಂದಿರು ಒಳ್ಳೆಯವರು, ತಾವೂ ಪಾಲುಗಾರರೆಂದು ಹೇಳಿಕೊಳ್ಳುತ್ತಾರೆ. ಭಾನುವಾರ ಅಡಿಗೆ ಸೋಡ, ವಿನಿಗರ್ ಬೆರೆಸಿ ಜ್ವಾಲಾಮುಖಿ ಮಾಡುತ್ತಾರೆ, ಮಕ್ಕಳು ಕುಣಿಯುತ್ತವೆ. ಜ್ವಾಲಾಮುಖಿಯನ್ನು ನೆಲದಿಂದ ಒರೆಸುವುದು ಸೋಮವಾರದ ಪಾಠ, ಅದು ಯಾರದೆಂದು ವಾಚಕರು ಊಹಿಸಬಹುದು. ನಾನು ನೋಡಿದ ಇಂಥ ಹತ್ತು ಕುಟುಂಬಗಳಲ್ಲಿ ಕೆಲಸ ಬಿಟ್ಟು ಕುಳಿತ ತಂದೆ ಒಬ್ಬರು. ಅವರನ್ನು ಎಲ್ಲರೂ ಹೊಗಳುತ್ತಾರೆ. ಮಿಕ್ಕ ಒಂಬತ್ತು ತಾಯಂದಿರನ್ನು ಹೊಗಳಿದವರನ್ನು ಕಾಣೆ.

ಇಲ್ಲಿಯೇ ಮೊದಲನೆಯ ತಿದ್ದುಪಡಿ. ನಾನು 'ಮನೆಯಲ್ಲಿ ಕುಳಿತಿದ್ದಾಳೆ' ಎಂದು ಬರೆದಿದ್ದೆ. ಅವಳು 'ಕುಳಿತಿದ್ದಾಳೆ' ಎಂಬುದನ್ನು ಹೊಡೆದು ಹಾಕಿದಳು.

ನಮ್ಮ ಪೂರ್ವಿಕರ ಪದ್ಧತಿ ಇದೇ ಎನ್ನುವವರು ಇನ್ನೊಂದು ಗುಂಪು. ಗುರುಕುಲ, ಗುರುಕುಲ ಎನ್ನುತ್ತಾರೆ. ಗುರುಕುಲವೆಂದರೆ ಗುರುವಿನ ಮನೆ. ತನ್ನ ಮನೆ ಬಿಟ್ಟು ಹೋಗುವುದೇ ಅದರ ಮೊದಲ ಪಾಠ. ತಾಯಿಯ ಕೈತುತ್ತು ತಿಂದುಕೊಂಡು ನಡೆಯುವ ಗುರುಕುಲವನ್ನು ಯಾವ ಪುರಾಣದಲ್ಲಿಯೂ ನಾನು ಕಂಡಿಲ್ಲ. ಅದರ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದು ಬೇರೆಯೇ ಕಥೆ. ಅದನ್ನು ಬಿಟ್ಟರೆ ನಮ್ಮ ಊರುಗಳಲ್ಲಿದ್ದದ್ದು ಕೂಲಿಮಠ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ ದವಸವನ್ನೋ ದುಡ್ಡನ್ನೋ ಪಡೆಯುತ್ತಿದ್ದ ಐಗಳ ಜಗುಲಿ. ನನ್ನ ತಾತ ಅಂಥಲ್ಲಿ ಓದಿದವರು. ಅದೂ ಮನೆಯಲ್ಲ, ನಾಲ್ಕು ಮನೆಯ ಮಕ್ಕಳು ಕೂಡುವ ಜಗುಲಿ.

ಮನೆಯೇ ಪಾಠಶಾಲೆಯಾಗಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಗತಿ ಏನಾಗಿತ್ತು? ಸಾವಿತ್ರಿಬಾಯಿ ಫುಲೆಯವರಿಗೆ ಅಕ್ಷರ ಕಲಿಸಿದವರು ಗಂಡ ಜ್ಯೋತಿರಾಯರು, ಮನೆಯಲ್ಲಿಯೇ. ಒಪ್ಪಿದೆ. ಅಂಥ ಗಂಡ ಸಾವಿರಕ್ಕೊಬ್ಬರೂ ಇಲ್ಲವೆಂದು ತಿಳಿದೇ ಆ ದಂಪತಿಗಳು 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ನಮ್ಮ ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ನನ್ನ ತಾಯಿಗೆ ಮನೆಯಲ್ಲಿ ಸಿಕ್ಕ ವಿದ್ಯೆ ಈ ಸೇರು ಪಾವಿನದು ಮಾತ್ರ. ಹೆಸರು ಬರೆಯುವುದನ್ನು ನಾನು ಕಲಿಸಿದೆ, ಅವರಿಗೆ ಐವತ್ತಾದ ಮೇಲೆ. ಮನೆಯನ್ನು ಸ್ವಾತಂತ್ರ್ಯದ ಬೀಡೆಂದೂ ಶಾಲೆಯನ್ನು ಸೆರೆಮನೆಯೆಂದೂ ಬಗೆಯುವವರು ಒಂದು ಸಲ ತಮ್ಮ ಅಜ್ಜಿಯರನ್ನು ನೆನೆದುಕೊಳ್ಳಲಿ.

ಟಾಗೋರರ ಹೆಸರು ಬಾರದ ಸಭೆಯಿಲ್ಲ. ಶಾಲೆ ಅವರಿಗೆ ಒಗ್ಗಲಿಲ್ಲ, ಒಂದಾದ ಮೇಲೊಂದು ಬಿಟ್ಟರು, ದಿಟ. ಆದರೆ ಮನೆಯಲ್ಲಿ ಅವರನ್ನು ಸುಮ್ಮನೆ ಬಿಟ್ಟಿದ್ದರೆ? ಜೋಡಾಸಾಂಕೋ ಎಂಬ ಅರಮನೆಯಂಥ ಮನೆ. ಬೆಳಗ್ಗೆ ಕುಸ್ತಿಯಿಂದ ಹಿಡಿದು ರಾತ್ರಿ ಇಂಗ್ಲಿಷಿನವರೆಗೆ ಒಂದೊಂದಕ್ಕೆ ಒಬ್ಬೊಬ್ಬ ಉಪಾಧ್ಯಾಯರು. ಹುಡುಗ ದೊಡ್ಡವನಾಗಿ ಮಾಡಿದ್ದೇನು? 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದದ್ದು. ಮೊದಲ ಕೆಲವೇ ಮಕ್ಕಳಲ್ಲಿ ಅವರ ಸ್ವಂತ ಮಗನೂ ಇದ್ದ. ಶಾಲೆ ಕೆಟ್ಟದ್ದೆಂದು ಕಂಡವರು ಒಳ್ಳೆಯ ಶಾಲೆ ಮಾಡಹೊರಟರು, ಅದೂ ಇತರರ ಮಕ್ಕಳನ್ನು ಕಲೆಹಾಕಿಕೊಂಡು.

ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ತಮ್ಮ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ, ತಾವೇ ಕಲಿಸಹೊರಟರು. ಇದನ್ನು ಹೇಳುವವರು ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿರುವ ಇನ್ನೊಂದು ಮಾತನ್ನು ಹೇಳುವುದಿಲ್ಲ: ತಮಗೆ ಸಾಕಷ್ಟು ಹೊತ್ತು ಕೊಡಲಾಗಲಿಲ್ಲ, ಬಯಸಿದಷ್ಟು ಓದುಬರಹ ಕಲಿಸಲಾಗಲಿಲ್ಲ, ಮಕ್ಕಳೆಲ್ಲರಿಗೂ ಈ ಬಗ್ಗೆ ತಮ್ಮ ಮೇಲೆ ದೂರಿದೆ ಎಂಬುದು. ಹಿರಿಯ ಮಗ ಹರಿಲಾಲನ ಕೊರಗು ಎಲ್ಲರಿಗೂ ತಿಳಿದದ್ದೇ. ಅವರೂ 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಎಲ್ಲ ಮತದ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ಕಲಿಸಿದರು; 1937ರಲ್ಲಿ ವಾರ್ಧಾದಲ್ಲಿ ಯೋಚಿಸಿದ್ದು ದೇಶದ ಶಾಲೆಗಳನ್ನು ಕುರಿತು.

ಮಗಳ ಕಪಾಟನ್ನು ಒಂದು ದಿನ ಕೂಲಂಕಷವಾಗಿ ನೋಡಿದೆ. 'ತೊತ್ತೋಚಾನ್' ಇದೆ, ಕನ್ನಡದ್ದೇ. ಗಿಜುಭಾಯಿಯವರ 'ದಿವಾಸ್ವಪ್ನ' ಇದೆ. ಜಾನ್ ಹೋಲ್ಟ್ ಇದ್ದಾನೆ. ತೊತ್ತೋಚಾನ್ ಯಾವುದರ ಕಥೆ? ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿಗೆ ಇನ್ನೊಂದು ಶಾಲೆ ಸಿಕ್ಕಿದ ಕಥೆ. ಕೊಬಾಯಾಶಿಯವರು 1937ರಲ್ಲಿ ತೆರೆದು, 1945ರಲ್ಲಿ ಬಾಂಬಿಗೆ ಸುಟ್ಟುಹೋದ ತೊಮೊಯೆ ಎಂಬ ಶಾಲೆಯದು. 'ದಿವಾಸ್ವಪ್ನ'ದ ಮೇಷ್ಟರು ಪ್ರಯೋಗ ಮಾಡಿದ್ದು ಸಾಮಾನ್ಯ ಸರಕಾರಿ ಶಾಲೆಯ ನಾಲ್ಕನೆಯ ತರಗತಿಯಲ್ಲಿ. ಗಲಾಟೆಯ ಹುಡುಗರು, ಅನುಮಾನದ ಸಹೋದ್ಯೋಗಿಗಳು, ಎಲ್ಲರ ನಡುವೆ. ಹೋಲ್ಟ್ ಒಬ್ಬನೇ ಇವರ ಕಡೆಯ ಸಾಕ್ಷಿ. ಅವನೂ ಮೇಷ್ಟರೇ; 1964ರಲ್ಲಿ ಮಕ್ಕಳು ಶಾಲೆಯಲ್ಲಿ ಸೋಲುವುದು ಹೇಗೆಂದು ಪುಸ್ತಕ ಬರೆದು, ಶಾಲೆ ತಿದ್ದೀತೆಂದು ಹತ್ತಾರು ವರ್ಷ ಕಾದು, ಆಸೆ ಬಿಟ್ಟು, 1977ರಲ್ಲಿ ಮನೆಯಲ್ಲಿ ಕಲಿಸುವವರಿಗಾಗಿ ಪತ್ರಿಕೆ ತೆಗೆದ. ಅವನಿಗೆ ಬೇಸರವಾದದ್ದು ಕಾದ ಮೇಲೆ. ನಾವು ಎಷ್ಟು ದಿನ ಕಾದೆವು? ನಮ್ಮ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದರು. 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ನಾಡಿನ ಮಕ್ಕಳಿಗೆ ಕೊಟ್ಟರು. ತಮ್ಮ ಮನೆಯ ಮಕ್ಕಳಿಗೆ ಮಾತ್ರ ಬೇಕಾಗಿದ್ದರೆ ಇರುಳು ಬಾಯಲ್ಲಿ ಹೇಳಿದ್ದರೆ ಸಾಕಾಗುತ್ತಿತ್ತು.

ಗುರುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಈ ಕುಟುಂಬಗಳು ಕೂಡುತ್ತವೆ. ನಾನೂ ಕೋಲೂರಿಕೊಂಡು ಹೋಗುತ್ತೇನೆ. ಮಕ್ಕಳಿಗೆ ಜೊತೆಗಾರರಿಲ್ಲ ಎಂಬ ಆಕ್ಷೇಪಣೆಗೆ ಅವರ ಉತ್ತರ ಇದು: ಶಾಲೆಯಲ್ಲಿ ಒಂದೇ ವಯಸ್ಸಿನವರ ಹಿಂಡು, ಇಲ್ಲಿ ನಾಲ್ಕು ವರ್ಷದವನೂ ಹದಿಮೂರರವಳೂ ಒಟ್ಟಿಗೆ ಮರ ಹತ್ತುತ್ತಾರೆ. ಉತ್ತರ ಚೆನ್ನಾಗಿಯೇ ಇದೆ. ವಯಸ್ಸು ನಾನಾ, ಆದರೆ ನೀರಿನ ಬಾಟಲಿ ಒಂದೇ ಬಗೆಯದು, ತಿಂಡಿಯ ಡಬ್ಬಿ ಒಂದೇ ಬಗೆಯದು, ಅಪ್ಪಂದಿರ ಉದ್ಯೋಗ ಮೂರು ಬಗೆ. ಮಗುವಿನ ಗೆಳೆಯರನ್ನು ತಾಯಿತಂದೆ ಆರಿಸಿ ತಂದಿದ್ದಾರೆ. ತಾಯಿತಂದೆ ಎಂದೂ ಆರಿಸದಂಥ ಒಬ್ಬ ಪಕ್ಕದಲ್ಲಿ ಬಂದು ಕೂರುವುದು, ಅವನ ಜೊತೆ ಬಳಪ ಹಂಚಿಕೊಳ್ಳುವುದು, ಜಗಳವಾಡಿ ಮಾತು ಬಿಟ್ಟು ಮತ್ತೆ ಮಾತಾಡುವುದು — ಇದು ಪಾರ್ಕಿನಲ್ಲಿ ಸಿಗುವುದಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಒಬ್ಬಳು ಮಗಳಿದ್ದಾಳೆ. ಎರಡು ಬೀದಿ ಆಚೆಯ ಸರಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿ. ದಸರಾ ರಜದಲ್ಲಿ ತಾಯಿಯ ಹಿಂದೆ ಬಂದು ನಮ್ಮ ಮಕ್ಕಳ ಜೊತೆ ಚೌಕಾಬಾರ ಆಡಿದಳು. ಹುಡುಗನ ಕಾಯಿ ಹಣ್ಣಾಗುವುದಕ್ಕೆ ಒಂದು ಮನೆ ಇದ್ದಾಗ ಅವಳು ಹೊಡೆದಳು. ಇವನು ಕವಡೆಯನ್ನೆಲ್ಲಾ ಮೂಲೆಗೆಸೆದು ಅತ್ತ. ನಾವು ಮೂವರು ದೊಡ್ಡವರು ಇದುವರೆಗೆ ಅವನಿಗೆ ಸೋತು ಸೋತು ಅಭ್ಯಾಸ ಮಾಡಿಸಿದ್ದೆವು. ಅವಳು ಸಮಾಧಾನ ಹೇಳಲಿಲ್ಲ. "ಆಟ ಅಂದ್ಮೇಲೆ ಹೊಡೀತಾರೆ. ಎತ್ಕೊಂಡ್ ಬಾ, ನಿಂದೇ ಸರದಿ" ಎಂದಳು. ಅವನು ಎತ್ತಿಕೊಂಡು ಬಂದ. ಈ ಪಾಠವನ್ನು ನನ್ನ ಮಗಳು ಯಾವ ಪುಸ್ತಕ ಓದಿ ಕಲಿಸಬೇಕಾಗಿತ್ತೋ ತಿಳಿಯದು.

ಆ ಹುಡುಗಿಯ ತಾಯಿಗೆ ನಾನು ಒಂದು ದಿನ ಸುಮ್ಮನೆ ಕೇಳಿದೆ, ನೀನೂ ಮಗಳನ್ನು ಮನೆಯಲ್ಲಿಯೇ ಓದಿಸಬಾರದೆ ಎಂದು. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ನಕ್ಕಳು. "ಮನೇಲಿ ಬಿಟ್ರೆ ಏನಾಗ್ತದೆ ಅಂತ ಕೊರೋನಾದಾಗ ನೋಡಿದ್ವಲ್ಲ ಮೇಷ್ಟ್ರೇ. ದೊಡ್ಡವಳು ಹಂಗೇ ನಿಂತೋದ್ಳು" ಎಂದಳು. 2020ರ ಮಾರ್ಚಿನಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ನಡುವೆ ವಿದ್ಯಾಗಮವೆಂದು ಮೇಷ್ಟರುಗಳು ಗುಡಿಯ ಜಗುಲಿ, ಮರದ ಕೆಳಗೆಲ್ಲಾ ಪಾಠ ಹೇಳಿದರು. ಅದೂ ನಿಂತು ನಡೆದು ನಿಂತು ನಡೆಯಿತು. ಅಷ್ಟು ಕಾಲ ದೇಶದ ಮಕ್ಕಳೆಲ್ಲರೂ ಮನೆಯಲ್ಲಿಯೇ ಕಲಿಯತಕ್ಕವರಾಗಿದ್ದರು. ನನ್ನ ಮೊಮ್ಮಗಳಿಗೆ ಆ ದಿನಗಳಲ್ಲಿ ಅಕ್ಷರ ಬಂತು. ಈಕೆಯ ದೊಡ್ಡ ಮಗಳು ಬಟ್ಟೆ ಕಾರ್ಖಾನೆಯಲ್ಲಿ ದಾರ ಕತ್ತರಿಸುತ್ತಿದ್ದಾಳೆ. ಶಾಲೆ ಅಕ್ಷರ ಕೊಡುವುದಷ್ಟೇ ಅಲ್ಲ. ಬಿಸಿಯೂಟ ಕೊಡುತ್ತದೆ, ಹಾಲು ಕೊಡುತ್ತದೆ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಹುಡುಗಿಯನ್ನು ಕೆಲಸಕ್ಕೆ ಅಟ್ಟುವುದು ಸ್ವಲ್ಪ ಕಷ್ಟವಾಗುವಂತೆ ಮಾಡುತ್ತದೆ. ಶಾಲೆಯೇ ಬೇಡವೆಂದು ಸಭೆಯಲ್ಲಿ ಹೇಳುವವರು ಆ ಮಾತು ಯಾರ ಕಿವಿಗೆ ಬಿದ್ದು ಏನಾಗುತ್ತದೆಂದು ಯೋಚಿಸಬೇಡವೆ?

ಕಾನೂನಿನ ಮಾತು ಚಿಕ್ಕದರಲ್ಲಿ ಮುಗಿಸುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 10ನೆಯ ಕಲಮು, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಾಯಿತಂದೆಯರ ಕರ್ತವ್ಯವೆನ್ನುತ್ತದೆ. ತಪ್ಪಿದರೆ ಶಿಕ್ಷೆಯೇನೆಂದು ಆ ಕಾಯಿದೆ ಹೇಳುವುದಿಲ್ಲ. ಕಡ್ಡಾಯವೆಂಬುದನ್ನು ಅದು ವಿವರಿಸಿರುವುದೂ ಸರಕಾರದ ಹೊಣೆಯೆಂದು. ರಾಷ್ಟ್ರೀಯ ಮುಕ್ತ ಶಾಲೆಯ ಸಂಸ್ಥೆಯ ಪರೀಕ್ಷೆಗಳ ದಾರಿಯೂ ಉಂಟು. ಹೀಗೆ ಈ ಕುಟುಂಬಗಳು ಅರೆಬಾಗಿಲಿನಲ್ಲಿ ಬದುಕುತ್ತಿವೆ. ಜರ್ಮನಿಯಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಯುರೋಪಿನ ಮಾನವ ಹಕ್ಕು ನ್ಯಾಯಾಲಯವೂ 2006ರಲ್ಲಿ ಆ ದೇಶದ ನಿಲುವನ್ನು ತಪ್ಪೆನ್ನಲಿಲ್ಲ. ಇಂಗ್ಲೆಂಡಿನವರು 1944ರ ಕಾಯಿದೆಯಲ್ಲಿಯೇ ಶಾಲೆಯ ಮೂಲಕ 'ಅಥವಾ ಬೇರೆ ರೀತಿಯಲ್ಲಿ' ಎಂದು ಬರೆದು ಬಾಗಿಲು ತೆರೆದಿಟ್ಟರು. ಪೊಲೀಸರು ಬಂದು ನನ್ನ ಮೊಮ್ಮಕ್ಕಳನ್ನು ಶಾಲೆಗೆ ಎಳೆದೊಯ್ಯಲಿ ಎಂದು ನಾನು ಹೇಳುವವನಲ್ಲ. ಇಂಗ್ಲೆಂಡಿನವರ ಹಾಗೆ ನೇರವಾಗಿ ಬರೆದುಬಿಡುವುದು ಮೇಲು. ಆದರೆ ಅದೇ ಕಾಯಿದೆಯ 21ನೆಯ ಕಲಮನ್ನೂ ಓದಿ. ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯಿತಂದೆಯರಿರಬೇಕು, ಅರ್ಧ ಹೆಂಗಸರಿರಬೇಕು. ಮೇಷ್ಟರು ಬಂದರೆ, ಪಾಯಿಖಾನೆಗೆ ನೀರಿದೆಯೆ ಎಂದು ಕೇಳುವ ಅಧಿಕಾರ ಅವರದು. ಆ ಕುರ್ಚಿಯಲ್ಲಿ ತಾಯಿಯಾಗಿ ಕೂರಬೇಕಾದರೆ ಮಗು ಆ ಶಾಲೆಯಲ್ಲಿರಬೇಕು. ಇರುವೆಯ ಮೀಸೆಯನ್ನು ಕುರಿತು ಇರುಳೆಲ್ಲಾ ಓದಬಲ್ಲ ತಾಯಿ ಆ ಸಮಿತಿಯಲ್ಲಿಲ್ಲ. ಇರುವವಳು ಸಭೆಯ ದಿನ ನಾಲ್ಕು ಮನೆಯ ಪಾತ್ರೆ ಬಿಟ್ಟು ಬರಲಾರದವಳು. ನಾವು ಬಿಟ್ಟುಬಂದದ್ದು ಒಂದು ಕಟ್ಟಡವನ್ನಲ್ಲ, ಈಕೆಯನ್ನು.

ಈ ವಾಕ್ಯದ ಪಕ್ಕದಲ್ಲಿಯೇ ಎರಡನೆಯ ತಿದ್ದುಪಡಿ ಇದೆ. ನಾನು ಮೊದಲು 'ಇವರು ಬಿಟ್ಟುಬಂದದ್ದು' ಎಂದು ಬರೆದಿದ್ದೆ. ಮಗಳು 'ಇವರು' ಎಂಬುದನ್ನು 'ನಾವು' ಎಂದು ತಿದ್ದಿ, ಅಂಚಿನಲ್ಲಿ ಹೀಗೆ ಬರೆದಳು: "ಅಪ್ಪ, ನೀವು ಮೇಷ್ಟರಾಗಿದ್ದ ಶಾಲೆ ನಮ್ಮ ಮನೆಯ ಎದುರಿಗೇ ಇತ್ತು. ನನ್ನನ್ನು ದಿನವೂ ಬಸ್ಸು ಹತ್ತಿಸಿ ಪಟ್ಟಣದ ಕಾನ್ವೆಂಟಿಗೆ ಕಳಿಸಿದಿರಿ. ನಿಮ್ಮ ಶಾಲೆಯ ಮಕ್ಕಳು ಬೇಲಿಯ ಹತ್ತಿರ ನಿಂತು ನನ್ನ ಷೂಸು ನೋಡುತ್ತಿದ್ದರು."

ಇದು 1990ರ ಮಾತು. ನಾನು ಇಲ್ಲವೆನ್ನುವಂತಿಲ್ಲ. ಆಗ ನನ್ನ ಸಹೋದ್ಯೋಗಿಗಳೂ, ತಾಲ್ಲೂಕು ಕಚೇರಿಯವರೂ, ಪೋಸ್ಟ್ ಮಾಸ್ತರರೂ ಹಾಗೆಯೇ ಮಾಡಿದರು. ಇಂಗ್ಲಿಷ್ ಬಾರದಿದ್ದರೆ ಮಗು ಹಿಂದೆ ಬೀಳುತ್ತದೆ ಎಂದೆವು. ಊರಿನಲ್ಲಿ ಅರ್ಜಿ ಬರೆಯಬಲ್ಲವರ ಮಕ್ಕಳು ಒಬ್ಬರೂ ಆ ಶಾಲೆಯಲ್ಲಿ ಉಳಿಯಲಿಲ್ಲವಾದ್ದರಿಂದ ಅದರ ಹಂಚು ಒಡೆದಾಗ ಅರ್ಜಿ ಬರೆಯುವವರೂ ಉಳಿಯಲಿಲ್ಲ. ನಾನು ಬೆಳಗ್ಗೆ ಮಗಳನ್ನು ಬಸ್ಸು ಹತ್ತಿಸಿ, ರಸ್ತೆ ದಾಟಿ, ಇತರರ ಮಕ್ಕಳಿಗೆ ಪಾಠ ಹೇಳುವುದಕ್ಕೆ ಹೋಗುತ್ತಿದ್ದೆ. ಸಂಬಳವೂ ಅದರದೇ, ಕಾನ್ವೆಂಟಿನ ಫೀಜೂ ಅದರಿಂದಲೇ. ಕಬ್ಬನ್ ಪಾರ್ಕಿನ ತಾಯಂದಿರು ಮಾಡಿದ್ದು ನಾವು ಆಗ ಹೊರಟ ದಾರಿಯಲ್ಲಿ ಇನ್ನೊಂದು ಹೆಜ್ಜೆ. ನಾವು ಎಲ್ಲರ ಶಾಲೆ ಬಿಟ್ಟು ದುಡ್ಡಿನ ಶಾಲೆಗೆ ಹೋದೆವು. ದುಡ್ಡಿನ ಶಾಲೆಯೂ ಇವರಿಗೆ ಸಾಲಲಿಲ್ಲ. ಹಾಗಿರುವಾಗ ಬೈಯುವ ಅಧಿಕಾರ ನಿಮಗಿದೆಯೆ ಎಂದರೆ, ಇದೆಯೆನ್ನುತ್ತೇನೆ: ತಪ್ಪು ಮಾಡಿದವನಿಗೆ ಅದರ ಗುರುತು ಚೆನ್ನಾಗಿ ಸಿಗುತ್ತದೆ.

ಮಗಳ ಹತ್ತಿರ ನಾನು ಕೇಳುವುದು ಮೊಮ್ಮಕ್ಕಳನ್ನು ನಾಳೆಯೇ ಸೇರಿಸೆಂದಲ್ಲ. ಸೇರಿಸಬೇಕೆಂದೇ ನನ್ನ ಮತ. ಎರಡು ಬೀದಿ ಆಚೆಯ ಶಾಲೆಗೇ. ಅವಳು ಒಪ್ಪುವುದಿಲ್ಲ. ನಲವತ್ತು ಮಕ್ಕಳಿಗೆ ಒಬ್ಬರು ಟೀಚರು, ಅವರಿಗೂ ಜನಗಣತಿ, ಚುನಾವಣೆ, ಇನ್ನಾವುದೋ ಪಟ್ಟಿ. ಮತ್ತೆ ಸೋಮವಾರದ ಹೊಟ್ಟೆನೋವು ಶುರುವಾದರೆ ನೀವು ನೋಡಿಕೊಳ್ಳುತ್ತೀರಾ ಎನ್ನುತ್ತಾಳೆ. ಆ ಪ್ರಶ್ನೆಗೆ ನಾನು ಸುಮ್ಮನಾಗುತ್ತೇನೆ. ಒಂದು ಬೆಂಚಿನ ಮೇಲೆ ಒಂದು ಬೆಳಗ್ಗೆ ನಿಂತವನ ನೆನಪು ನನಗೂ ಇದೆ. ಆದರೆ ಅವಳ ಕೈಯಲ್ಲಿರುವ ವಿದ್ಯೆ ಎರಡೇ ಮಕ್ಕಳಿಗೆ ಮುಗಿಯಬೇಕೆ? ವಾರಕ್ಕೆ ಒಂದು ಮಧ್ಯಾಹ್ನ, ಒಂದೇ ಮಧ್ಯಾಹ್ನ, ಮಕ್ಕಳನ್ನೂ ಕರೆದುಕೊಂಡು ಆ ಶಾಲೆಗೆ ಹೋಗು ಎಂದೆ. ಗುರುವಾರ ಪಾರ್ಕಿಗೆ ಬರುವ ಹತ್ತು ಮನೆಯವರೂ ಹಾಗೆ ಒಂದೊಂದು ಶಾಲೆ ಹಿಡಿದರೆ ಹತ್ತು ಶಾಲೆಯಾಯಿತು. ಅವರಿಗೆ ಬೇಕಾದ ಬಯಲೂ ಅಲ್ಲಿದೆ, ನಾನಾ ವಯಸ್ಸಿನವರೂ ಇದ್ದಾರೆ. ಬಾಟಲಿ ಮಾತ್ರ ಬೇರೆ ಬೇರೆ.

"ನೋಡೋಣ" ಎಂದಳು. ನಮ್ಮ ಮನೆಯಲ್ಲಿ ನೋಡೋಣವೆಂದರೆ ಇಲ್ಲವೆಂದೇ ರೂಢಿ.

ದಸರಾ ರಜ ಮುಗಿಯುವ ಮುನ್ನಾದಿನ ಕೆಲಸದಾಕೆಯ ಮಗಳು ಸೇರು ಪಾವಿನ ಆಟ ನೋಡಿದ್ದಳು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಆಂಟಿ, ಇದನ್ನ ಒಂದಿನ ನಮ್ಮ ಸ್ಕೂಲಿಗೆ ಕೊಡ್ತೀರಾ? ಮಿಸ್ಸು ಬೋರ್ಡ್ ಮೇಲೆ ಬರೀತಾರೆ, ನಂಗೆ ಗೊತ್ತಾಗಲ್ಲ" ಎಂದಳು. ಮಗಳು ನನ್ನ ಮುಖ ನೋಡಿದಳು. ನಾನು ಹೇಳಿಕೊಟ್ಟ ಮಾತಲ್ಲವೆಂದು ಆಣೆ ಮಾಡಬೇಕಾಯಿತು. ಆ ಸೋಮವಾರ ಅವಳು ಸೇರು, ಪಾವು, ಎರಡು ಕೆಜಿ ಅಕ್ಕಿ, ಒಂದು ಕೆಜಿ ರಾಗಿ ಚೀಲಕ್ಕೆ ಹಾಕಿಕೊಂಡು ಮಕ್ಕಳಿಬ್ಬರ ಜೊತೆ ಹೋದಳು. ಬಂದಮೇಲೆ ನಾನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಲ್ಲಿ ಒಬ್ಬ ಹುಡುಗನಿಗೆ ತನಗಿಂತ ಎತ್ತರದ ಶಿಗಿ ಏರಿಸುವುದಕ್ಕೆ ಬರುತ್ತದೆಂದು ಮೊಮ್ಮಗ ಮಾತ್ರ ದೂರು ಹೇಳಿದ. ಟೀಚರು ಸೇರನ್ನು ಎರಡು ದಿನ ಇಟ್ಟುಕೊಳ್ಳುವೆನೆಂದರಂತೆ. ಮೂರು ವಾರವಾಯಿತು, ಇನ್ನೂ ಬಂದಿಲ್ಲ. ನಮ್ಮ ಮನೆಯಲ್ಲಿ ಈಗ ಅಕ್ಕಿ ಅಳೆಯುವುದು ಕಾಫಿಯ ಲೋಟದಲ್ಲಿ.